ಹಿಕ್ಕೆ ಕೇಳಿದ ಡಾಕ್ಟರಮ್ಮ

ಶಿಷ್ಯ ಚನ್ನವೀರ ಕೇಳಿದ: "ಗುರುಗಳೇ, ಸಿಟ್ಟು ಬಿಡಬೇಕೆಂದು ಉಪವಾಸ ಮಾಡಿದೆ, ಮೌನ ಹಿಡಿದೆ. ಹೋಯಿತು ಅನ್ನುವಷ್ಟರಲ್ಲಿ ಮೊದಲಿಗಿಂತ ಜೋರಾಗಿ ಬಂತು. ಇವತ್ತು ಪಂಕ್ತಿಗೆ ಬಡಿಸುವಾಗ ಎರಡನೆಯ ಸಲ ಸಾರು ಕೇಳಿದ ಅಜ್ಜನಿಗೆ ಬೈದುಬಿಟ್ಟೆ. ಇನ್ನೆಂಥ ವ್ರತ ಹಿಡಿಯಲಿ?"

ಗುರುಗಳು ನಕ್ಕರು. "ಸಾರಿಗೂ ಬೈದೆಯಾ? ಭಲೇ ಮಗನೇ! ಕೂತುಕೋ, ಒಂದು ಕತೆ ಹೇಳುತ್ತೇನೆ.

"ಒಬ್ಬ ಹೆಂಗಸು ಕೋಳಿ ಸಾಕುತ್ತಿದ್ದಳು. ಮರಿಗಳೆಂದರೆ ಅವಳಿಗೆ ಪ್ರಾಣ. ಒಮ್ಮೆ ಮರಿಗಳಿಗೆ ಭೇದಿ ಹತ್ತಿತು. ರೋಗಾಣು ಕೊಲ್ಲುವ ಮದ್ದನ್ನು ನೀರಿಗೆ ಹಾಕಿದಳು, ವಾಸಿಯಾಯಿತು. ಮತ್ತೆ ಬಂದೀತೆಂಬ ಹೆದರಿಕೆಗೆ ಚೆನ್ನಾಗಿದ್ದ ಮರಿಗಳಿಗೂ ದಿನಾ ಅದನ್ನೇ ಕುಡಿಸಿದಳು. ರೋಗ ಆ ಮದ್ದಿಗೆ ಒಗ್ಗಿಹೋಯಿತು. ಎಷ್ಟು ಸುರಿದರೂ ಮರಿಗಳು ಸಾಯತೊಡಗಿದವು.

"ಪಶುವೈದ್ಯೆ ಬಂದಳು. ಬಂದವಳು ಸತ್ತ ಮರಿಯನ್ನು ನೋಡಿ ಸುಮ್ಮನಾಗದೆ, ಹಿತ್ತಿಲಲ್ಲಿ ತಿಪ್ಪೆ ಕೆದರುತ್ತಿದ್ದ ಒಂದು ನಾಟಿ ಕೋಳಿಯ ಹಿಕ್ಕೆ ಕೇಳಿದಳು.

"'ಅಯ್ಯೋ ಡಾಕ್ಟರಮ್ಮ, ಅದಕ್ಕೇನಾಗಿದೆ? ಗುಂಡುಕಲ್ಲಿನ ಹಾಗಿದೆ!'

"'ಅದಕ್ಕೇ ಬೇಕಮ್ಮ. ಅದರ ಹೊಟ್ಟೆಯಲ್ಲಿ ಅದನ್ನು ಕಾಯುವ ಒಳ್ಳೆಯ ಸೂಕ್ಷ್ಮಾಣುಗಳಿವೆ. ಅವನ್ನು ಹುಡುಕಬೇಕು.'

"ಹುಡುಕುವುದು ಸುಲಭವಾಗಲಿಲ್ಲ. ಕೆಲವು ಸೂಕ್ಷ್ಮಾಣುಗಳು ಹೊಟ್ಟೆಯ ಹುಳಿಗೇ ಸತ್ತವು. ಕೆಲವು ಬದುಕಿದರೂ ಕರುಳಿಗೆ ಅಂಟಿ ನಿಲ್ಲಲಿಲ್ಲ. ಕೊನೆಗೊಂದು ಜಾತಿ ಸಿಕ್ಕಿತು, ಹಾಲನ್ನು ಮೊಸರು ಮಾಡುವವುಗಳ ನೆಂಟರದ್ದು. ಅದನ್ನು ಬೆಳೆಸಿ ತಂದುಕೊಟ್ಟಳು. ಮರಿಗಳು ಆಗಲೂ ಸತ್ತವು. ವೈದ್ಯೆ ಓಡಿ ಬಂದು ನೋಡಿದರೆ, ಈ ಮಹಾತಾಯಿ ಅದೇ ನೀರಿಗೆ ಹಳೆಯ ಮದ್ದನ್ನೂ ಬೆರೆಸಿದ್ದಳು!

"'ಬಿಡಲು ಧೈರ್ಯ ಬರಲಿಲ್ಲ ಡಾಕ್ಟರಮ್ಮ. ನನ್ನ ಮಕ್ಕಳಲ್ಲವೇ ಅವು?' ಎಂದು ಅತ್ತಳು. ವೈದ್ಯೆ ಬೈಯಲಿಲ್ಲ. ಪಕ್ಕದಲ್ಲಿ ಕೂತು ಅವಳ ಕಣ್ಣೊರೆಸಿದಳು.

"ಹೊಸ ಮರಿಗಳು ಮೊಟ್ಟೆಯೊಡೆದು ಬಂದ ದಿನ ಹೆಂಗಸು ಧೈರ್ಯ ಮಾಡಿ ಮದ್ದಿನ ನೀರನ್ನು ಚೆಲ್ಲಿದಳು. ಪಾತ್ರೆ ತೊಳೆದು, ಒಳ್ಳೆಯ ಸೂಕ್ಷ್ಮಾಣುಗಳಿದ್ದ ನೀರನ್ನೇ ಮೊದಲು ಕುಡಿಸಿದಳು. ಅವು ಕರುಳಿನ ತುಂಬ ನೆಲೆಯೂರಿದವು. ಆಮೇಲೆ ರೋಗಾಣು ಬಂತು, ಬರದೆ ಇರುತ್ತದೆಯೇ? ಆದರೆ ಬೇರೂರಲು ಜಾಗವಿಲ್ಲದೆ ಬಂದ ದಾರಿ ಹಿಡಿಯಿತು. ಒಂದೆರಡು ಮರಿ ಸೊರಗಿದವು, ಉಳಿದವು ಅವಳ ಸೆರಗು ಹಿಡಿದು ಎಳೆಯುವಷ್ಟು ಪೋಕರಿಗಳಾದವು."

"ಹಾಗಾದರೆ ಆ ಮದ್ದು ಕೆಟ್ಟದ್ದೇ, ಗುರುಗಳೇ?"

"ಯಾರು ಹೇಳಿದರು? ರೋಗ ಬಿದ್ದಾಗ ಅದೇ ಬೇಕು. ದಿನಾ ಕುಡಿಸಿದರೆ ಕಾಯುವವರೂ ಸಾಯುತ್ತಾರೆ, ಅಷ್ಟೇ."

ಚನ್ನವೀರ ತಲೆಯಾಡಿಸಿದ. ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಕೇಳಿದರು:

"ಸಿಟ್ಟನ್ನು ಅಷ್ಟು ಸಲ ಓಡಿಸಿದೆಯಲ್ಲ ಮಗನೇ, ಆ ಜಾಗದಲ್ಲಿ ಯಾರನ್ನು ಕೂರಿಸಿದೆ?"