ಗಡಿಗಿ ಮ್ಯಾಲಿನ ಎಣ್ಣಿ

ಕುಂದರ್ರಿ, ಹತ್ತರ ಬಂದು ಕುಂದರ್ರಿ. ನಡುವ ಯಾರರ ಬಾಯಿ ಹಾಕಿದ್ರ ಕತಿ ಅಲ್ಲಿಗೇ ಬಿಟ್ಟು ಏಳತೀನಿ, ಮದ್ಲ ಹೇಳೀನಿ.

ಕೆನಿಗೇರಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಮನಿಗೆ ಹತ್ತು ಆಕಳ. ಹಾಲು ಬೇಕಾದಷ್ಟು, ತುಪ್ಪ ಬೇಕಾದಷ್ಟು. ಅಲ್ಲಿ ರಾಜ ಬಸವಂತ ದೂರದ ಮಸಾರಿ ಸೀಮಿಗೆ ಹೋಗಿ ಚೆನ್ನಾಜಿ ಅನ್ನೋಳನ್ನ ಲಗ್ನ ಮಾಡ್ಕೊಂಡು ಬಂದ. ಮಸಾರಿ ಸೀಮಿ ಅಂದ್ರ ಕೆಂಪು ಉಸುಕಿನ ನೆಲ. ಅಲ್ಲಿ ಶೇಂಗಾ ಬಿಟ್ರ ಬ್ಯಾರೆ ಏನೂ ಬೆಳೀತಿದ್ದಿಲ್ಲ.

ರಾಣಿಗೆ ಅರಮನ್ಯಾಗ ಯಾತರದೂ ಕಡಿಮಿ ಇದ್ದಿಲ್ಲ. ಆದ್ರೂ ಉಣ್ಣಾಕ ಕುಂತಾಗೊಮ್ಮೆ ಆಕಿ ಕೈ ತಡೀತಿತ್ತು. ಆಕಿ ಅವ್ವ ಶೇಂಗಾ ಹುರಿದು, ಸಿಪ್ಪಿ ಕೇರಿ, ಒರಳಾಗ ಹಾಕಿ ಅರದು ಅರದು ಬೆಣ್ಣಿ ಮಾಡ್ತಿದ್ಲು. ಬಿಸಿ ರೊಟ್ಟಿಗೆ ಸವರಿ, ಚೂರು ಬೆಲ್ಲ ಇಟ್ಟು, ಸುತ್ತಿ ಕೈಗೆ ಕೊಡ್ತಿದ್ಲು. ಬದನಿಕಾಯಿ ಪಲ್ಯಕ್ಕೂ ಅದ, ಜ್ವರ ಬಂದಾಗ ಗಂಜಿಗೂ ಅದ. ಅವ್ವ ತೀರ್ಕೊಂಡು ಮೂರು ವರ್ಷ ಆಗಿತ್ತು. ಅವ್ವ ಅಂತೂ ಬರಂಗಿಲ್ಲ, ಆ ರುಚಿನಾದ್ರೂ ಒಮ್ಮೆ ನಾಲಗಿಗೆ ಹತ್ತಲಿ ಅಂತ ಚೆನ್ನಾಜಿ ಹಂಬಲಿಸಿದ್ಲು. ಹಂಬಲಿಸಿ ಹಂಬಲಿಸಿ ಊಟಾನ ಬಿಟ್ಲು. ತಾನ ಅರಕೋಬೇಕಂದ್ರ, ಕೆನಿಗೇರಿ ರಾಣ್ಯಾರು ಒರಳು ಮುಟ್ಟಬಾರದು ಅಂತ ಹಳೇ ಕಟ್ಟಳೆ. ಎಂಥಾ ಕಟ್ಟಳೆನೋ, ಯಾವ ಪುಣ್ಯಾತ್ಮ ಮಾಡಿದ್ನೋ.

ರಾಣಿ ದಿನಾ ಸೊರಗೋದು ನೋಡಿ ರಾಜ ಗಾಬರಿಯಾದ. "ಆ ಬೆಣ್ಣಿ ಮಾಡಿ ರಾಣಿಗೆ ಉಣಿಸಿದವರು ಕೇಳಿದ್ದು ಕೊಡ್ತೀನಿ" ಅಂತ ಡಂಗುರ ಸಾರಿಸಿದ.

ಅರಮನಿ ಅಡಗಿಯವ ರಾಚಪ್ಪ. ಹೊಟ್ಟಿ ಮುಂದ, ಮಾತು ಅದಕ್ಕಿಂತ ಮುಂದ. "ನನ್ನ ಬಿಟ್ಟು ಇನ್ಯಾರು ಮಾಡ್ಯಾರು?" ಅಂದ. ಮದಲನೇ ದಿನ ಶೇಂಗಾ ಪುಡಿ ಮಾಡಿ ತುಪ್ಪ ಸುರುವಿ ತಂದ. ರಾಣಿ ಮೂಸಿ ನೋಡಿ ಬಟ್ಲಾ ಸರಿಸಿದ್ಲು. ಎರಡನೇ ದಿನ ತುಪ್ಪದ ಜೋಡಿ ಕೆನಿ ಕಲಸಿ, ಯಾಲಕ್ಕಿ ಹಾಕಿ ತಂದ. ರಾಣಿ ಮತ್ತ ಸರಿಸಿದ್ಲು. ರಾಚಪ್ಪಗ ನಿದ್ದಿ ಹಾರಿತು.

ಅದ ಅರಮನ್ಯಾಗ ಮುಸುರಿ ತಿಕ್ಕಾಕ ಫಕೀರವ್ವ ಅಂತ ಒಬ್ಬಾಕಿ ಇದ್ಲು. ಆಕೀನೂ ಮಸಾರಿ ಸೀಮ್ಯಾಕಿ. ಊರು ಬಿಟ್ಟು ಹತ್ತು ವರ್ಷ ಆಗಿತ್ತು. ಡಂಗುರ ಕೇಳಿ, ತನ್ನ ಕೆಲಸ ಮುಗಿಸಿ, ಹಿತ್ತಲದಾಗಿನ ಹಳೇ ಒರಳಿಗೆ ಹುರಿದ ಶೇಂಗಾ ಹಾಕಿದ್ಲು. ಗುಂಡು ತಿರುವಿದ್ಲು. ಪುಡಿ ಆತು. "ಇನ್ನ ಆಗಿಲ್ಲ" ಅಂದ್ಲು. ಮತ್ತ ತಿರುವಿದ್ಲು. ಉಂಡಿ ಕಟ್ಟಿ ಒರಳಿಗೆ ಹತ್ತಿಕೊಂತು. "ಇನ್ನ ಆಗಿಲ್ಲ" ಅಂದ್ಲು. ರಟ್ಟಿ ನೋಯೋತನಕ ತಿರುವಿದ್ಲು. ಆವಾಗ ಶೇಂಗಾ ತಾನ ತಾನಾಗಿ ಎಣ್ಣಿ ಬಿಟ್ಟು ನುಣ್ಣಗಾತು. "ಈಗ ಆತು" ಅಂದು, ಗಡಿಗ್ಯಾಗ ತುಂಬಿ ನೆಲುವಿನ ಮ್ಯಾಲೆ ಇಟ್ಲು.

ಮುಂಜಾನೆ ನೋಡ್ತಾಳ, ಗಡಿಗಿ ಇಲ್ಲ.

ಎಲ್ಲಿ ಹೋಗಿತ್ತಂತೀರಿ? ರಾಚಪ್ಪ ಎತ್ತಿಕೊಂಡು ಹೋಗಿದ್ದ. ಮುಚ್ಚಳ ತೆಗದ್ರ ಮ್ಯಾಲೆ ಎರಡು ಬೆರಳು ಎಣ್ಣಿ ನಿಂತೈತಿ. "ಎಣ್ಣಿ ಸುರುವಿ ಕೆಡಿಸ್ಯಾಳಲ್ಲ ಮುದುಕಿ" ಅಂತ ಬೈದು, ಎಣ್ಣಿ ಅಷ್ಟೂ ಬಗ್ಗಿಸಿ ಚೆಲ್ಲಿದ. ಕೆಳಗಿನ ಗಟ್ಟಿ ಕೆರದು ಬೆಳ್ಳಿ ಬಟ್ಲದಾಗ ಹಾಕಿ ರಾಣಿ ಮುಂದ ಇಟ್ಟ.

ವಾಸನಿ ಬಂದಿದ್ದ ತಡ, ಚೆನ್ನಾಜಿ ಕಣ್ಣು ತುಂಬಿದ್ವು. ಅದ ವಾಸನಿ. ಬೆರಳಿಗೆ ಹಚ್ಚಿ ಬಾಯಾಗ ಇಟ್ಟರ ಮಾತ್ರ ಒಣಾ ಒಣಾ, ಅಂಗುಳಕ್ಕ ಹತ್ತಿ ಕುಂತು ಗಂಟಲಿಗೆ ಇಳೀಲಿಲ್ಲ. ಆಕಿ ಶಾಣ್ಯಾಕಿ. ಸಿಟ್ಟು ತೋರಸಲಿಲ್ಲ. ಅಡಗಿಮನಿ ಮಂದೀನ್ನೆಲ್ಲಾ ಕರಸಿದ್ಲು.

"ರಾಚಪ್ಪ, ಇದು ನೀನ ಮಾಡಿದ್ದೇನು?"

"ಹೌದ್ರಿ ತಾಯಿ, ಈ ಕೈಲೇ ಮಾಡೀನಿ."

"ಹಂಗಾರ ಒಂದು ಮಾತು ಹೇಳು. ಗಡಿಗಿ ಮ್ಯಾಲೆ ಎಣ್ಣಿ ನಿಂತ್ರ ಏನು ಮಾಡಬೇಕು?"

ರಾಚಪ್ಪ ಎದಿ ಉಬ್ಬಿಸಿದ. "ಚೆಲ್ಲಬೇಕ್ರಿ. ಅದು ಕೆಟ್ಟ ಎಣ್ಣಿ. ಇದರಾಗಿಂದೂ ಒಂದು ಹನಿ ಬಿಡದಂಗ ಚೆಲ್ಲೀನಿ."

ಹಿಂದ ನಿಂತಿದ್ದ ಫಕೀರವ್ವಗ ತಡಕೊಳ್ಳಾಕ ಆಗಲಿಲ್ಲ. "ನನ್ನ ಗಡಿಗಿ ಎಣ್ಣಿ ಚೆಲ್ಲಿದ್ಯೇನೋ ನಮ್ಮಪ್ಪ? ಅದರ ಜೀವಾನ ಅದು. ಸೌಟು ಹಾಕಿ ತಿರುವಿದ್ರ ಮತ್ತ ಒಳಗ ಕೂಡ್ತಿತ್ತಲ್ಲೋ" ಅಂದ್ಲು.

ರಾಣಿ ಎದ್ದು ನಿಂತ್ಲು. ಅವ್ವ ಗಡಿಗಿ ತೆಗದಾಗೊಮ್ಮೆ ಸೌಟು ಹಿಡದು ತಿರುವೋದು ಆಕಿ ಕಣ್ಣಿಗೆ ಕಟ್ಟಿತು. "ನಮ್ಮ ಸೀಮ್ಯಾಕಿ ಏನವ್ವಾ ನೀನು?" ಅಂತ ಕೇಳಿ, ಮುಸುರಿ ಕೈ ಅನ್ನದ ಫಕೀರವ್ವನ ಕೈ ಹಿಡಕೊಂಡ್ಲು.

ರಾಚಪ್ಪನ ಬಣ್ಣ ಬಯಲಾತು. ರಾಜ ಅವನ್ನ ಒರಳಿನ ಮುಂದ ಕುಂದರಿಸಿದ. "ಆತೇನ್ರಿ?" ಅಂದ ರಾಚಪ್ಪ, ಪುಡಿ ತೋರಿಸಿ. "ಇನ್ನ ಆಗಿಲ್ಲ" ಅಂದ್ಲು ಫಕೀರವ್ವ. "ಆತೇನ್ರಿ?" ಅಂದ, ಉಂಡಿ ತೋರಿಸಿ. "ಇನ್ನ ಆಗಿಲ್ಲ." ಎಣ್ಣಿ ಬರೋದ್ರಾಗ ಅವನ ಹೊಟ್ಟಿ ನಾಕು ಬೆರಳು ಒಳಗ ಹೋಗಿತ್ತು.

ಅವತ್ತು ರಾಣಿ ಎರಡು ರೊಟ್ಟಿ ಉಂಡ್ಲು. ಅಳಕೋಂತ ಉಂಡ್ಲು.

"ನಿನಗೇನು ಬೇಕು ಕೇಳು" ಅಂದ ರಾಜ.

"ಬಂಗಾರ ಬ್ಯಾಡ್ರಿ. ನಮ್ಮೂರಿಗೆ ಹೋಗಬೇಕ್ರಿ. ಮಗಳನ್ನ ನೋಡಿ ಹತ್ತು ವರ್ಷ ಆತು" ಅಂದ್ಲು ಫಕೀರವ್ವ.

ರಾಜ ರಾಣಿ ಮಾರಿ ನೋಡಿದ. ಈಕಿ ಹೋದ್ರ ಆ ರುಚೀನೂ ಹೋಗ್ತೈತಿ. ಚೆನ್ನಾಜಿ ಬಟ್ಲದಾಗ ಉಳಿದ ಬೆಣ್ಣಿ ಬೆರಳಿಲೆ ಬಳದು ಉಂಡ್ಲು. ಆಮ್ಯಾಲೆ, "ಹಂಬಲ ಅಂದ್ರ ಏನಂತ ನನಗ ಗೊತ್ತೈತಿ. ಹೋಗವ್ವಾ. ಹೋಗೋ ಮದ್ಲ ನನಗ ಕಲಿಸಿ ಹೋಗು" ಅಂದ್ಲು.

"ರಾಣ್ಯಾರು ಒರಳು ಮುಟ್ಟಂಗಿಲ್ಲ" ಅಂದ ರಾಜ.

"ನಾ ಮುಟ್ಟತೀನಿ" ಅಂದ್ಲು ರಾಣಿ. ಸೆರಗು ಸಿಗಿಸಿ ಕುಂತು ಗುಂಡು ಹಿಡದ್ಲು. ರಾಜ ಬಾಯಿ ಮುಚ್ಚಿದ. ಶಾಣ್ಯಾ ಆದ ಅಂತ ತಿಳೀರಿ.

ಮರುದಿನ ಗಾಡಿ ಹತ್ತೋ ಫಕೀರವ್ವಗ ಬುತ್ತಿ ಕಟ್ಟಿಕೊಟ್ಟಾಕಿ ರಾಣೀನ. ರೊಟ್ಟಿ, ಬೆಲ್ಲ, ತಾನ ಅರದ ಶೇಂಗಾ ಬೆಣ್ಣಿ. ಫಕೀರವ್ವ ಒಂದು ಬೆರಳು ನೆಕ್ಕಿ, "ನಿಮ್ಮವ್ವನ ಕೈ ಐತಿ ನಿಮಗ" ಅಂದ್ಲು. ಚೆನ್ನಾಜಿಗೆ ಅಷ್ಟ ಸಾಕಾಗಿತ್ತು.

ಅದಕ್ಕ ಹೇಳೋದು ಹುಡುಗ್ರ್ಯಾ, ಇನ್ನೊಬ್ಬರು ದುಡದಿದ್ದನ್ನ ಕದ್ದು ತರಬಹುದು, ಆದ್ರ ಆ ದುಡದವರ ತಿಳುವಳಿಕಿ ಗಡಿಗಿ ಜೋಡಿ ಬರಂಗಿಲ್ಲ. ಅದು ಬೇಕಂದ್ರ ನೀವ ಗುಂಡು ತಿರುವಬೇಕು. ಏಳ್ರಿ ಇನ್ನ, ಕೈ ತೊಳಕೊಂಡು ಬರ್ರಿ. ಒಳಗ ಗಡಿಗ್ಯಾಗ ಎಣ್ಣಿ ಮ್ಯಾಲೆ ಬಂದೈತಿ, ಇವತ್ತ ಸೌಟು ಹಾಕಿ ತಿರುವೋರು ಯಾರು?