ಹಸಿ ಮಾವ, ಬೆಂದ ಮೊಟ್ಟೆ

ನಂಬಲ್ಲ ಅನ್ನೋರು ಕೈ ಎತ್ತಿ. ಎತ್ತಿದ ಕೈ ಹಂಗೇ ಇರಲಿ. ಕತೆ ಮುಗಿಯೋ ಹೊತ್ತಿಗೆ ಅದೇ ಕೈಯಲ್ಲಿ ಹೊಟ್ಟೆ ಹಿಡ್ಕೊಂಡು ನಗದಿದ್ರೆ ನನ್ನ ಮೀಸೆ ಬೋಳಿಸ್ಕೋತೀನಿ. ಪೆದ್ದರು ಎಲ್ಲ ಊರಲ್ಲೂ ಇರ್ತಾರೆ. ನಮ್ಮೂರಿನಂಥ ಪೆದ್ದ ಮಾತ್ರ ಇಡೀ ಹೋಬಳಿ ಜಾಲಾಡಿದರೂ ಸಿಗಲ್ಲ. ಪೆದ್ದತನದಲ್ಲೂ ನಾವೇ ಮುಂದು.

ಅವನ ಹೆಸರು ಮೊಗಣ್ಣ. ಎತ್ತಿನಂಥ ಆಳು, ಹಾಲಿನಂಥ ಮನಸ್ಸು, ಹೇಳಿದ ಮಾತು ಮೀರದವನು. ಅವನ ಅವ್ವ ಜವರಮ್ಮನ ಗೋಳೇ ಅದು. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ.

ಯುಗಾದಿ ಹತ್ತಿರ ಬಂತು. ಯುಗಾದಿ ಮಾರನೇ ದಿನ ಹೊಸತೊಡಕು, ಅವತ್ತು ನಮ್ಮ ಕಡೆ ಬಾಡು ಬೇಯದ ಮನೆ ಇಲ್ಲ. ಜವರಮ್ಮನ ಅಣ್ಣ ಹೊಂಬಾಳೇಗೌಡ ಹೇಳಿ ಕಳಿಸಿದ: "ಹೊಸತೊಡಕಿಗೆ ಮಗಳು ಚಿಕ್ಕತಾಯೀನ ಕರ್ಕಂಡು ಬತ್ತೀನಿ. ಅವಳು ಟ್ರ್ಯಾಕ್ಟರ್ ಹೊಡೀತಾಳೆ, ಗದ್ದೆ ಉಳ್ತಾಳೆ, ಒಲೆ ಮುಂದೆ ಕೂರು ಅಂದ್ರೆ ಕೂರಲ್ಲ. ನನಗೋ ಹಲ್ಲಿಲ್ಲ, ಬಾಡು ಅಗಿಯಾಕಾಗಲ್ಲ. ನಿನ್ನ ಮಗ ಕೈಯಾರೆ ಬೇಯಿಸಿದ ಮೊಟ್ಟೆ ತಿಂದು ನನ್ನ ಹೊಟ್ಟೆ ತುಂಬಿದ್ರೆ ಹೆಣ್ಣು ಕೊಡ್ತೀನಿ. ತುಂಬಲಿಲ್ಲ ಅಂದ್ರೆ ಇಲ್ಲ."

ಊರೂರು ಸುತ್ತಿದರೂ ಮೊಗಣ್ಣನಿಗೆ ಹೆಣ್ಣು ಕೊಡೋರು ಹುಟ್ಟಿರಲಿಲ್ಲ. ಜವರಮ್ಮನಿಗೆ ಉಳಿದಿದ್ದು ಇದೊಂದೇ ಬಾಗಿಲು.

"ಮಗ, ಕೆಳಗಿನ ಬೀದಿ ತಾಯಕ್ಕನ ಮನೇಲಿ ಮೊಟ್ಟೆ ಕೇಳಿದೀನಿ. ನೋಡ್ಕಂಡು ತಗಂಡ್ ಬಾ."

"ಆಗ್ಲವ್ವ."

ಮೊಗಣ್ಣ ಕುಕ್ಕೆ ಎದೆಗೆ ಅವುಚಿಕೊಂಡು ಮೊಟ್ಟೆ ನೋಡ್ಕಂಡೇ ಬಂದ. ದಾರಿ ನೋಡಲಿಲ್ಲ. ಎದುರಿಗೆ ಬಂದ ಎಮ್ಮೆ ನೋಡಲಿಲ್ಲ. ಎಮ್ಮೆ ಒಂದು ಕಡೆ, ಅವನೊಂದು ಕಡೆ, ಮೊಟ್ಟೆ ಎಲ್ಲಾ ಕಡೆ.

"ಬಡ್ಡೆತ್ತದೆ, ನೋಡೋದು ಅಂದ್ರೆ ದಿಟ್ಟಿಸೋದಲ್ಲ ಕಣ್ಲಾ. ನೀರಿಗೆ ಬಿಟ್ಟು ನೋಡೋದು. ಮುಳುಗಿದ್ದು ಒಳ್ಳೇದು, ತೇಲಿದ್ದು ಕೆಟ್ಟದ್ದು. ತೇಲಿದ್ದನ್ನ ತಿಪ್ಪೆಗೆ ಎಸಿಬೇಕು."

"ಮೊದ್ಲೇ ಹೇಳಬಾರದಾ ಅವ್ವ? ಇನ್ನು ಮೇಲೆ ಹಂಗೇ ಮಾಡ್ತೀನಿ."

ಜವರಮ್ಮ ಬೇರೆ ಮೊಟ್ಟೆ ತಾನೇ ತಂದಿಟ್ಟಳು. ಮಗನನ್ನ ಅಂಗಡಿಗೆ ಕಳಿಸಿದಳು, ತೆಂಗಿನಕಾಯಿ, ಉಪ್ಪು ತರೋಕೆ. ಮೊಗಣ್ಣ ತಗೊಂಡ. ದಾರೀಲಿ ನೀರು ತುಂಬಿದ ಕಟ್ಟೆ ಸಿಕ್ತು. ಕಾಯಿ ಬಿಟ್ಟ, ತೇಲ್ತು. ಉಪ್ಪು ಬಿಟ್ಟ, ಮುಳುಗಿತು. ಕೈ ಬೀಸ್ಕೊಂಡು ಮನೆಗೆ ಬಂದ.

"ಕಾಯೆಲ್ಲಿ?"

"ಕೆಟ್ಟಿತ್ತು ಕಣವ್ವ. ತಿಪ್ಪೆಗೆ ಎಸೆದೆ."

"ಉಪ್ಪು?"

"ಉಪ್ಪು ಭಾರಿ ಒಳ್ಳೇದು. ಎಷ್ಟು ಮುಳುಗಿತು ಅಂದ್ರೆ, ಕೈ ಹಾಕಿ ಹುಡುಕಿದ್ರೂ ಸಿಗಲಿಲ್ಲ."

ಜವರಮ್ಮ ಹಣೆ ಚಚ್ಚಿಕೊಂಡಳು. ಪಕ್ಕದ ಮನೇಲಿ ಉಪ್ಪು ಇಸ್ಕೊಂಡಳು. ತಿಪ್ಪೇಲಿದ್ದ ಕಾಯಿ ತೊಳ್ಕೊಂಡಳು.

ಹೊಸತೊಡಕಿನ ಬೆಳಗ್ಗೆ ಒಲೆ ಮೇಲೆ ಮೊಟ್ಟೆ ಇಟ್ಟು ಮಗನನ್ನ ಮುಂದೆ ಕೂರಿಸಿದಳು.

"ನೀರಿಗೊಂದು ಚಿಟಿಕೆ ಉಪ್ಪು ಹಾಕ್ಲಾ, ಸಿಪ್ಪೆ ಬಿರಿಯಲ್ಲ. ನಾನು ಹಿತ್ತಿಲಲ್ಲಿ ಖಾರ ರುಬ್ತೀನಿ. ಬೆಂದಿದ್ಯೋ ಇಲ್ವೋ ಅನುಮಾನ ಬಂದ್ರೆ ಒಡೀಬೇಡ, ಬುಗುರಿ ಹಂಗೆ ತಿರುಗಿಸು. ಗಿರ್ರನೆ ತಿರುಗಿದ್ರೆ ಬೆಂದದ್ದು, ಓಲಾಡಿದ್ರೆ ಹಸಿ. ಹಸಿ ಇದ್ರೆ ಮತ್ತೆ ಬಿಸಿನೀರಿಗೆ ಹಾಕು. ಮಾವ ಬಂದ್ರೆ ಹೆಂಗಿದೀರಿ ಅಂತ ವಿಚಾರಿಸ್ಕೋ."

ಟ್ರ್ಯಾಕ್ಟರ್ ಬಂದು ನಿಂತಿತು. ಹೊಂಬಾಳೇಗೌಡ ಮೈತುಂಬ ಧೂಳು ಮೆತ್ತಿಕೊಂಡು ಇಳಿದ. ಚಿಕ್ಕತಾಯಿ ಹಿಂದಿಂದ ಒಂದು ಕೋಳಿ, ಒಂದು ಕುಕ್ಕೆ ಇಳಿಸ್ತಿದ್ದಳು.

"ಹೆಂಗಿದೀರಿ ಮಾವ?"

"ನೀನೇ ನೋಡ್ಲಾ, ಹೆಂಗಿದೀನಿ ಅಂತ."

ಮೊಗಣ್ಣ ನೋಡೇಬಿಟ್ಟ. ಮಾವನ ಎರಡೂ ಭುಜ ಹಿಡಿದು ಗಿರ್ರನೆ ತಿರುಗಿಸಿ ಬಿಟ್ಟ. ಮಾವ ಎರಡು ಸುತ್ತು ಸುತ್ತಿ ಆ ಕಡೆ ಓಲಾಡಿದ, ಈ ಕಡೆ ಓಲಾಡಿದ, ಕಂಬ ತಬ್ಬಿಕೊಂಡ.

"ಅವ್ವಾ, ಮಾವ ಇನ್ನೂ ಹಸಿ!" ಅಂತ ಕೂಗಿ, ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ಕೂರಿಸಿ ಬಿಸಿನೀರು ಹುಯ್ದ.

ಜವರಮ್ಮ ರುಬ್ಬೋ ಕೈಯಲ್ಲೇ ಓಡಿ ಬಂದಳು. ಒಳಗಿಂದ ಹೊಂಬಾಳೇಗೌಡ, "ಇರ್ಲಿ ಬಿಡು ಜವರಿ, ಮೈಗೆ ಹಿತವಾಗದೆ. ಇನ್ನೆರಡು ಚೊಂಬು ಹುಯ್ಕಂಡು ಬತ್ತೀನಿ" ಅಂದ. ಜವರಮ್ಮನಿಗೆ ಹೋದ ಜೀವ ಬಂತು. ಮಗನ ಕಿವಿ ಹಿಂಡಿದಳು.

"ನಿನ್ನ ಕೆಲಸ ಒಲೆ ಹತ್ರ ಕಣ್ಲಾ. ಬಿಸಿನೀರಿಂದ ಆಚೆ ಬಂದ ಕೂಡ್ಲೆ ತಣ್ಣೀರು ಸುರಿ. ಆಗ ಸಿಪ್ಪೆ ಸಲೀಸಾಗಿ ಬಿಡ್ತದೆ."

"ಆಗ್ಲವ್ವ."

ಮೊಗಣ್ಣ ತಣ್ಣೀರಿನ ಕೊಡ ಹೊತ್ತು ಬಚ್ಚಲ ಬಾಗಿಲಲ್ಲಿ ಕಾದ. ಮಾವ ಟವಲ್ ಸುತ್ತಿಕೊಂಡು ಬಿಸಿನೀರಿಂದ ಆಚೆ ಬಂದ. ಕೊಡ ಬಗ್ಗಿತು. ಮಾವ ನಡುಗಿದ ನಡುಕಕ್ಕೆ ಟವಲ್ ಕೆಳಗೆ ಬಿತ್ತು.

"ಅವ್ವ, ನೀನು ಹೇಳಿದ್ದು ದಿಟ. ಸಿಪ್ಪೆ ಸಲೀಸಾಗಿ ಬಿಡ್ತು."

ಅಷ್ಟೊತ್ತಿಗೆ ಒಲೆ ಮೇಲೆ ನೀರು ಬತ್ತಿ ಮೊಟ್ಟೆಗಳು ಒಂದೊಂದೇ ಢಬ್ ಅಂದವು. ಸೂರಿಗೆಲ್ಲ ಮೊಟ್ಟೆ ಅಂಟಿತು. ತಟ್ಟೆಗೆ ಹಾಕೋಕೆ ಒಂದೂ ಉಳೀಲಿಲ್ಲ.

ಹೊಂಬಾಳೇಗೌಡ ಪಂಚೆ ಬಿಗಿದು ಕಟ್ಟಿಕೊಂಡ. "ಮೊಟ್ಟೆ ಇಲ್ಲ, ಹೆಣ್ಣೂ ಇಲ್ಲ. ನಡಿ ಮಗಳೇ."

ಜವರಮ್ಮ ಸೆರಗು ಬಾಯಿಗೆ ಹಿಡಿದಳು. ಚಿಕ್ಕತಾಯಿಗೆ ನಗು ತಡೀತಾ ಇರಲಿಲ್ಲ. "ಅಪ್ಪ, ಅತ್ತೆ ಅಳ್ತಾವ್ರೆ. ಇನ್ನೊಂದು ಕೆಲಸ ಹೇಳಿ ನೋಡು."

"ಸರಿ. ಕಾವಿಗೆ ಬಂದಿರೋ ಕೋಳಿ ತಂದಿದೀವಿ, ಮರಿ ಮಾಡ್ಸಾಕೆ ಮೊಟ್ಟೇನೂ ಅವೆ. ಇವನು ಅದನ್ನ ಮೊಟ್ಟೆ ಮೇಲೆ ಕೂರಿಸ್ಲಿ, ನೋಡ್ತೀನಿ. ಕೋಳಿ ಕೂರಿಸಾಕೂ ಬರದ ಗಂಡು ಭೂಮಿ ಮೇಲಿಲ್ಲ."

ಜವರಮ್ಮ ಮಗನ ಗದ್ದ ಹಿಡಿದಳು. "ನಿನ್ನ ದಮ್ಮಯ್ಯ ಮಗ. ಇದೊಂದು ಸಲ. ಮೊಟ್ಟೆಗೆ ಹೇಳಿದ್ದನ್ನ ಮೊಟ್ಟೆಗೇ ಮಾಡು. ಕಾಯಿಗೆ ಮಾಡಬೇಡ, ಮಾವನಿಗೆ ಮಾಡಬೇಡ."

ಮೊಗಣ್ಣನ ಮುಖ ಅರಳಿತು. ಜನ್ಮದಲ್ಲಿ ಮೊದಲ ಸಲ ಎಲ್ಲಾ ಅರ್ಥವಾಗಿತ್ತು. ಕೋಳಿ, ಕುಕ್ಕೆ ಎರಡೂ ತಗೊಂಡು ಒಳಗೆ ಹೋದ. ಬಹಳ ಹೊತ್ತು ಬರಲೇ ಇಲ್ಲ. ಬಂದಾಗ ಮೀಸೆ ಮೇಲೆ ಕೈ ಇತ್ತು.

"ಕೋಳಿ ಕೂತದೆ ಮಾವ. ನೀರಿಗೆ ಬಿಟ್ಟೆ, ಒಂದೂ ತೇಲಲಿಲ್ಲ. ತಿರುಗಿಸಿದೆ, ಎಲ್ಲಾ ಓಲಾಡಿದ್ವು. ನೀವು ಹಸಿ ಮೊಟ್ಟೆ ತಂದಿದ್ರಿ. ನಮ್ಮವ್ವನ ಮುಂದೆ ನಿಮ್ಮ ಮಾನ ಹೋಗಬಾರದು ಅಂತ ಉಪ್ಪು ಹಾಕಿ ಹದವಾಗಿ ಬೇಯಿಸಿದೀನಿ. ತಣ್ಣೀರೂ ಸುರಿದಿದೀನಿ."

ಎಲ್ಲರೂ ಒಳಗೆ ಹೋಗಿ ನೋಡಿದರು. ಮೂಲೇಲಿ ಕೋಳಿ ಬೆಂದ ಮೊಟ್ಟೆ ಮೇಲೆ ಗಂಭೀರವಾಗಿ ಕೂತಿತ್ತು.

ಹೊಂಬಾಳೇಗೌಡ ಬೆಳಗ್ಗಿಂದ ಹಸಿದಿದ್ದ. ಬಗ್ಗಿ ಕೋಳಿ ಕೆಳಗೆ ಕೈ ಹಾಕಿದ. ಮೊಟ್ಟೆ ಬೆಚ್ಚಗಿತ್ತು. ಸಿಪ್ಪೆ ಮುಟ್ಟಿದರೆ ಸಾಕು, ಬಿಡ್ತು. ಬಾಯಿಗಿಟ್ಟ, ಹಲ್ಲಿಲ್ಲದ ಬಾಯಲ್ಲಿ ಬೆಣ್ಣೆ ಹಂಗೆ ಕರಗಿತು. ಇನ್ನೊಂದು ತೆಗೆದ. ಮತ್ತೊಂದು ತೆಗೆದ. ಕೋಳಿ ಕುಕ್ಕಿತು, ಅವನು ಬಿಡಲಿಲ್ಲ. ಕುಕ್ಕೆ ಖಾಲಿಯಾದ ಮೇಲೆ ಗೋಡೆಗೆ ಒರಗಿ ತೇಗಿದ.

"ಹೊಟ್ಟೆ ತುಂಬ್ತಾ ಅಪ್ಪ?" ಅಂದಳು ಚಿಕ್ಕತಾಯಿ.

"ತುಂಬ್ತು ಕಣವ್ವ."

"ಬೇಯಿಸಿದ್ದು ಯಾರು?"

ಹೊಂಬಾಳೇಗೌಡ ಖಾಲಿ ಕುಕ್ಕೆ ನೋಡಿದ. ಮಗಳ ಮುಖ ನೋಡಿದ. "ನೀನು ಇವನನ್ನ ಕಟ್ಕಂಡು ಏನು ಮಾಡ್ತೀಯೇ?"

"ಹೇಳಿದ್ದನ್ನ ಕೇಳೋ ಗಂಡಸು ನಮ್ಮೂರಲ್ಲಿ ಒಬ್ಬನಾದ್ರೂ ಅವ್ನಾ ಹೇಳು. ಇವ್ನು ಕೇಳ್ತಾನೆ. ಏನು ಹೇಳಬೇಕು ಅಂತ ನಂಗೊತ್ತು."

ಕೊಟ್ಟ ಮಾತು, ತುಂಬಿದ ಹೊಟ್ಟೆ. ಇನ್ನೇನು ಮಾಡ್ತಾನೆ? ಕಣ್ಣು ಒರೆಸಿಕೊಂಡು ಅಳಿಯನ ಬೆನ್ನು ತಟ್ಟಿದ. "ಆಯ್ತಪ್ಪ. ನನ್ನ ಮಗಳನ್ನ ತಣ್ಣಗಿಟ್ಟಿರು."

"ಆಗ್ಲಿ ಮಾವ," ಅಂದ ಮೊಗಣ್ಣ, ತಣ್ಣೀರಿನ ಕೊಡ ಎತ್ತಿದ.

"ಬಾವ, ಕೆಳಗಿಡು," ಅಂದಳು ಚಿಕ್ಕತಾಯಿ.

ಕೆಳಗಿಟ್ಟ.

ಹಿಂಗೆ ಮೊಗಣ್ಣನಿಗೆ ಹೆಣ್ಣು ಕೊಟ್ಟರು. ಕೋಳಿ ಕೊಡಲಿಲ್ಲ.