ಊಟ ಮುಗಿದರೂ ಏಳದ ಅತಿಥಿಗಳು

ಕೃಷ್ಣಾ ನದಿಯ ಒಂದು ಪುಟ್ಟ ನಡುಗಡ್ಡೆಯಲ್ಲಿ ಹುಲಿಗೆವ್ವ ಎಂಬ ಮುದುಕಿ ತನ್ನ ಸೊಸೆ ಲಚುಮವ್ವನ ಜೊತೆ ಇದ್ದಳು. ಒಂದು ವರ್ಷ ಹೊಳೆ ಉಕ್ಕಿ ಕರೆಂಟಿನ ಕಂಬಗಳು ಕೊಚ್ಚಿಹೋದವು. ಅಂದಿನಿಂದ ಅಲ್ಲಿಯವರಿಗೆ ಸೂರ್ಯನೇ ದಿಕ್ಕು. ಹಗಲು ಮಾಳಿಗೆಯ ಮೇಲಿನ ಸೋಲಾರ್ ಪ್ಲೇಟು ಬಿಸಿಲು ಕುಡಿದು ಬ್ಯಾಟರಿ ತುಂಬಿಸುತ್ತಿತ್ತು. ಕತ್ತಲಾದ ಮೇಲೆ ಮನೆಗೆ ಅದೇ ಕರೆಂಟು.

ಹುಲಿಗೆವ್ವ ಆಯುಧ ಪೂಜೆಯ ದಿನ ಟಿವಿ, ಸೆಟ್‌ಟಾಪ್ ಬಾಕ್ಸ್, ಸ್ಟೆಬಿಲೈಜರ್, ಸೌಂಡ್ ಬಾಕ್ಸ್, ಗೋಡೆಗೆ ಸಿಕ್ಕಿಸಿದ ಚಾರ್ಜರ್, ಹೀಗೆ ಎಲ್ಲದಕ್ಕೂ ಕುಂಕುಮ ಹಚ್ಚಿದ್ದಳು. ಅವುಗಳ ಮೈಮೇಲೆ ಕೆಂಪು, ಹಸಿರು ಚುಕ್ಕಿಗಳು ಮಿನುಗುತ್ತಿದ್ದವು. “ಇವು ನಮ್ಮ ಮನಿ ನಂದಾದೀಪ. ಯಾರೂ ಆರಸಬಾರದು” ಎಂದು ಅಪ್ಪಣೆ ಮಾಡಿದ್ದಳು. ರಿಮೋಟ್ ಒತ್ತಿದರೆ ಟಿವಿ ಮಲಗುತ್ತಿತ್ತು ನಿಜ, ಆದರೆ ಒಂದು ಕಣ್ಣು ತೆರೆದುಕೊಂಡೇ ಮಲಗುತ್ತಿತ್ತು. ಗೋಡೆಯೊಳಗಿನ ದೇವರ ಮಾಡದಲ್ಲಿ ಮಂತ್ರ ಹೇಳುವ ಪೆಟ್ಟಿಗೆ ಇತ್ತು. ಅದರ ಗದ್ದಲಕ್ಕೆ ನಿದ್ದೆ ಬಾರದೆ ಮುದುಕಿಯೇ ಸದ್ದು ಪೂರ್ತಿ ಇಳಿಸಿದ್ದಳು, ಸ್ವಿಚ್ ಮಾತ್ರ ಮುಟ್ಟಿರಲಿಲ್ಲ. ಪಾಪ, ಅದು ಯಾರಿಗೂ ಕೇಳದಂತೆ ವರ್ಷವಿಡೀ ಮಂತ್ರ ಹೇಳುತ್ತಲೇ ಇತ್ತು!

ಲಚುಮವ್ವನ ಹತ್ತಿರ ತವರಿನಿಂದ ತಂದ ಚುಕ್ಕಿ ಕೋಳಿಯೊಂದಿತ್ತು. ತಾಯಿ ತೀರಿಹೋದ ಮೇಲೆ ತವರಿನ ನೆನಪೆಂದು ಅವಳಿಗೆ ಉಳಿದದ್ದು ಅದೊಂದೇ. ಆ ಕೋಳಿ ಹತ್ತು ಮೊಟ್ಟೆ ಇಟ್ಟು ರೋಗ ಬಂದು ಸತ್ತಿತು. ಲಚುಮವ್ವ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹೊಳೆ ದಾಟಿ, ಕಾವು ಕೊಡುವ ಪೆಟ್ಟಿಗೆಯೊಂದನ್ನು ಎರವಲು ತಂದಳು. ಅದರೊಳಗಿನ ಬಲ್ಬಿನ ಬಿಸಿಯೇ ತಾಯಿಯ ರೆಕ್ಕೆ. ಇಪ್ಪತ್ತೊಂದು ದಿನ ಆ ಬಿಸಿ ಆರಬಾರದು.

ದಿನಕ್ಕಿಷ್ಟು ಇಳಿಯುತ್ತ ಬಂದ ಬ್ಯಾಟರಿ ಐದನೆಯ ದಿನ ನಸುಕಿನಲ್ಲಿ ಪೂರ್ತಿ ಮುಗಿದು ಪೆಟ್ಟಿಗೆ ತಣ್ಣಗಾಯಿತು. ಲಚುಮವ್ವ ಮೊಟ್ಟೆಗಳನ್ನು ಮಡಿಲಲ್ಲಿ ಅವುಚಿಕೊಂಡು ಹೊತ್ತು ಮೂಡುವವರೆಗೆ ಕೂತಳು. ಆರನೆಯ ದಿನವೂ ಹಾಗೇ ಆಯಿತು. ಒಂದು ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಕೆಂಪು ನೂಲಿನಂಥ ನರಗಳು ಕಂಡವು.

“ಅತ್ತಿ, ಇನ್ನೂ ಜೀವ ಐತ್ರಿ. ಇನ್ನೊಂದು ಸಲ ತಣ್ಣಗಾದ್ರ ಉಳಿಯಂಗಿಲ್ಲ. ಬ್ಯಾಟರಿ ಉಳಿಸಾಕ ಆ ನಂದಾದೀಪ ಆರಸೋಣೇನ್ರಿ?”

“ಹುಚ್ಚಿ! ಒಂದೊಂದೂ ಸಾಸಿವಿಯಷ್ಟು ಬೆಳಕು. ಅವು ಎಷ್ಟರ ಉಣ್ತಾವ? ಪೂಜಿ ಮಾಡಿದ್ದು ಆರಿಸಿದ್ರ ಮನಿಗೆ ಕೇಡು.”

ಲಚುಮವ್ವ ಮೊಟ್ಟೆಯನ್ನು ಮತ್ತೆ ಮಡಿಲಿಗೆ ಇಟ್ಟುಕೊಂಡಳು. ಒಂದು ಹನಿ ಕಣ್ಣೀರು ಮೊಟ್ಟೆಯ ಮೇಲೆ ಬಿತ್ತು. ಮುದುಕಿ ಅದನ್ನು ನೋಡಿದಳು, ನೋಡದವಳಂತೆ ಮುಖ ತಿರುಗಿಸಿದಳು.

ಆ ಮಧ್ಯಾಹ್ನ ಉಂಡು ಹುಲಿಗೆವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿದಳು. ಹೊಳೆಯ ನೀರಿನಿಂದ ಚಿಮ್ಮಿದ ಬಿಸಿಲು ತೊಲೆಗಳ ಮೇಲೆ ಅಲುಗುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಕಣ್ಣು ಕೂಡಿದವು.

ಕನಸಿನಲ್ಲಿ ಮನೆ ಉದ್ದವಾಗಿತ್ತು. ಅದರ ಆ ತುದಿಯಲ್ಲಿ ಹೊಳೆ ಹರಿಯುತ್ತಿತ್ತು. ನಡುವೆ ಊಟದ ಪಂಕ್ತಿ. ಕೂತವರ ಹಣೆಯಲ್ಲೆಲ್ಲ ಕುಂಕುಮ, ಒಬ್ಬೊಬ್ಬರಿಗೂ ಒಂದೊಂದೇ ಕಣ್ಣು, ಕೆಲವರದು ಕೆಂಪು, ಕೆಲವರದು ಹಸಿರು. ಹುಲಿಗೆವ್ವನ ಕೈಯಲ್ಲಿ ಬಿಸಿಲಿನ ಬಣ್ಣದ ಪಾಯಸದ ಪಾತ್ರೆ.

“ನಮಗ ಒಂದ ಚಮಚ ಸಾಕವ್ವ” ಎಂದರು ಎಲ್ಲರೂ.

ಎಂಥ ಸಂಭಾವಿತರು ಎಂದುಕೊಂಡು ಮುದುಕಿ ಬಡಿಸಿದಳು. ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಮೊದಲಿನವನ ಎಲೆ ಬರಿದಾಗಿತ್ತು. “ಇನ್ನೊಂದ ಚಮಚ” ಎಂದ. ಅವನಿಗೆ ಬಡಿಸಿ ತಿರುಗಿದರೆ ಮತ್ತೊಬ್ಬ. ಬಡಿಸಿದಳು, ಮತ್ತೆ ಬಡಿಸಿದಳು. ಊಟ ಮುಗಿದರೂ ಯಾರೂ ಏಳಲೊಲ್ಲರು.

“ಉಂಡಾದ ಮ್ಯಾಲೆ ಏಳೂದಿಲ್ಲೇನ್ರಪಾ?” ಎಂದು ಕೇಳಿದಳು.

“ಏಳ್ರಿ ಅಂತ ನೀನು ಅಂದೇ ಇಲ್ಲಲ್ಲವ್ವ. ಕುಂತು ಕುಂತು ಸೊಂಟ ಹಿಡದೈತಿ. ಮಲಗಾಕ ಬಿಡು ನಮ್ಮನ್ನ.”

ಅವರಲ್ಲೊಬ್ಬ ಸದ್ದಿಲ್ಲದೆ ತುಟಿ ಅಲುಗಿಸುತ್ತಲೇ ಇದ್ದ. ಅವನು ಯಾರೆಂದು ಮುದುಕಿಗೆ ತಕ್ಷಣ ತಿಳಿಯಿತು, ನಾಚಿಕೆಯೂ ಆಯಿತು.

ಸಾಲಿನ ಕೊನೆಯಲ್ಲಿ ಚುಕ್ಕಿ ಅಂಗಿ ತೊಟ್ಟ ಹತ್ತು ಕೂಸುಗಳು ಕಣ್ಣು ಮುಚ್ಚಿ ಕೂತಿದ್ದವು. ಹುಲಿಗೆವ್ವ ಸೌಟು ಹಾಕಿದಳು. ತಳ ಕೆರೆದ ಸದ್ದಷ್ಟೇ ಬಂತು. ಆ ಕೂಸುಗಳು ಬೇಕು ಎಂದು ಕೇಳಲೂ ಇಲ್ಲ. ಒಂದರ ಕೆನ್ನೆ ಮುಟ್ಟಿದಳು. ತಣ್ಣಗಿತ್ತು.

ಮುದುಕಿ ಬೆಚ್ಚಿ ಎದ್ದಳು. ಬಾಗಿಲಾಚೆ ದಂಡೆಯ ಮೇಲೆ ತೀರಿಹೋದ ಗಂಡನ ಹರಿಗೋಲು ಕವಚಿ ಬಿದ್ದಿತ್ತು. ಆಯುಧ ಪೂಜೆಯ ದಿನ ಅವನು ಅದನ್ನು ಹೀಗೆಯೇ ಕವಚಿಡುತ್ತಿದ್ದ. ಹುಟ್ಟನ್ನು ಮೂಲೆಗೆ ಒರಗಿಸಿ ಕುಂಕುಮ ಹಚ್ಚಿ, “ವರ್ಷೆಲ್ಲಾ ದುಡದೈತಿ. ಇವತ್ತರ ಮಲಗಲಿ” ಎನ್ನುತ್ತಿದ್ದ. ಅಂದು ಅವನು ಹೊಳೆಗೆ ಇಳಿಯುತ್ತಿರಲಿಲ್ಲ. ಹುಲಿಗೆವ್ವ ಕುಂಕುಮವನ್ನು ನೆನಪಿಟ್ಟಿದ್ದಳು, ಮಲಗಿಸುವುದನ್ನು ಮರೆತಿದ್ದಳು.

ಅವಳು ಒಂದೊಂದಾಗಿ ಸ್ವಿಚ್ ಒತ್ತಿದಳು. ಒಂದೊಂದು ಕಣ್ಣೂ ಮುಚ್ಚಿತು. ಮಂತ್ರದ ಪೆಟ್ಟಿಗೆಯ ಮುಂದೆ ನಿಂತು, “ತಪ್ಪಾತಪಾ, ಮಲಗಿನ್ನ” ಎಂದು ಅದರ ತಲೆ ಸವರಿದಳು. ಲಚುಮವ್ವ ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತ ನಿಂತಳು.

ಸಂಜೆ ದೇವರ ಮುಂದೆ ಒಂದೇ ಎಣ್ಣೆ ದೀಪ ಹಚ್ಚಿದರು. ಉಳಿದ ಬೆಳಕೆಂದರೆ ಕಾವಿನ ಪೆಟ್ಟಿಗೆಯ ಬಲ್ಬಿನದು, ಬೆಲ್ಲದ ಬಣ್ಣದ್ದು. ಮರುದಿನ ನಸುಕಿನಲ್ಲಿ ಇಬ್ಬರೂ ಒಟ್ಟಿಗೇ ಎದ್ದು ಪೆಟ್ಟಿಗೆಗೆ ಕೈ ಚಾಚಿದರು. ಅದು ಬೆಚ್ಚಗಿತ್ತು. ಅದರ ಮರುದಿನವೂ ಬೆಚ್ಚಗಿತ್ತು.

ಇಪ್ಪತ್ತೊಂದನೆಯ ಬೆಳಿಗ್ಗೆ ಒಳಗಿನಿಂದ ಟುಕ್ ಟುಕ್ ಸದ್ದು ಕೇಳಿತು. ಎಂಟು ಮರಿಗಳು ಚಿಪ್ಪು ಒಡೆದು ಬಂದವು. ಎರಡು ಮೊಟ್ಟೆ ಒಡೆಯಲೇ ಇಲ್ಲ. ಹುಲಿಗೆವ್ವ ಅವೆರಡನ್ನೂ ತಾನೇ ಬೇವಿನ ಬುಡದಲ್ಲಿ ಹೂತಳು.

“ಇವೆರಡು ನನ್ನ ಪಂಕ್ತಿಯಾಗ ಹಸದು ಹೋದವು ಲಚುಮಿ” ಎಂದಳು.

ಲಚುಮವ್ವ ಒಂದು ಮರಿಯನ್ನು ತಂದು ಅತ್ತೆಯ ಅಂಗೈಯಲ್ಲಿಟ್ಟಳು. ಅದು ಬೆಚ್ಚಗಿತ್ತು.

ನೀತಿ: ಹನಿಹನಿಗೂಡಿದರೆ ಹಳ್ಳ, ಹನಿಹನಿಯಾಗಿ ಸೋರಿದರೆ ಹಳ್ಳವೂ ಬರಿದು. ಮಕ್ಕಳೇ, ರಿಮೋಟ್ ಒತ್ತಿ ಸುಮ್ಮನಾಗಬೇಡಿ. ಕೆಲಸ ಮುಗಿದ ಯಂತ್ರವನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ ಮಲಗಿಸಿ. ಯಾರಿಗೂ ಬೇಡದ ಕಡೆ ಸೋರುವ ಒಂದು ಚಮಚ, ನಿಜವಾಗಿ ಹಸಿದವರ ಪಾಲಿನದು.